ಧಾರವಾಡದ ಹಳ್ಳಿಗಳಲ್ಲಿ ಕುಡಿತದ ಚರಿತ್ರೆ

ಧಾರವಾಡ ಜಿಲ್ಲೆಯ ಹಳ್ಳಿಗಾಡಿನಲ್ಲಿ ಯಾರು ಏನು ಕುಡಿಯುತ್ತಿದ್ದರು ಎಂಬುದನ್ನು ಹಿಂದೆ ನೆಲವೇ ನಿರ್ಧರಿಸುತ್ತಿತ್ತು. ನವಲಗುಂದ, ಅಣ್ಣಿಗೇರಿ, ಕುಂದಗೋಳ ಎರೆಭೂಮಿಯ ಸೀಮೆ. ಹತ್ತಿ, ಜೋಳ, ಕಡಲೆ, ಮೆಣಸಿನಕಾಯಿಯ ಬಯಲು. ಮರ ಕಡಿಮೆಯಿರುವ ಈ ಬಯಲಿನಲ್ಲಿ ಹಳ್ಳದ ದಂಡೆಗುಂಟ ಈಚಲು ಬೆಳೆಯುತ್ತದೆ. ಅದರಿಂದ ಇಳಿಸಿದ ಶಿಂದಿಯೇ ದುಡಿಯುವವರ ಅಗ್ಗದ ಪೇಯವಾಗಿತ್ತು. ಪಶ್ಚಿಮದ ಕಲಘಟಗಿ ಮಲೆನಾಡಿನ ಸೆರಗು. ಭತ್ತದ ಗದ್ದೆ, ಕಾಡು, ಕಾಡಿನಂಚಿನ ತಾಂಡಾಗಳು. ಬೆಲ್ಲ ಕೊಳೆಸಿ ಬಟ್ಟಿ ಇಳಿಸಿದ ಶೆರೆ ಎರಡೂ ಕಡೆ ನಡೆಯುತ್ತಿತ್ತು. ಹಬ್ಬ, ಮದುವೆ, ಸಾವು, ಗ್ರಾಮದೇವತೆಯ ಜಾತ್ರೆಗಳಲ್ಲಿ ಕೆಲವು ಸಮುದಾಯಗಳಿಗೆ ಅದು ಆಚಾರದ ಭಾಗ. ಇನ್ನು ಕೆಲವು ಸಮುದಾಯಗಳಲ್ಲಿ ಮುಟ್ಟಿದರೂ ಮೈಲಿಗೆ. ಆದರೆ ಕುಡಿತ ಚಟವಾಗಿ ಹಿಡಿದ ಮನುಷ್ಯ ಮಾತ್ರ ಎಲ್ಲ ಕೇರಿಗಳಲ್ಲೂ ಇದ್ದ. ಒಂದೆಡೆ ಬಯಲಲ್ಲೇ ಬಿದ್ದಿರುತ್ತಿದ್ದ, ಇನ್ನೊಂದೆಡೆ ಮನೆಯವರು ಅವನನ್ನು ಕದದ ಹಿಂದೆ ಮುಚ್ಚಿಡುತ್ತಿದ್ದರು, ಅಷ್ಟೇ ವ್ಯತ್ಯಾಸ.

ಅಂಥವನನ್ನು ಏನೆಂದು ತಿಳಿಯಬೇಕು ಎಂಬ ಪ್ರಶ್ನೆ ಇಲ್ಲಿ ಹೊಸದಲ್ಲ. ಆದಿಕವಿ ಪಂಪನ ತಾಯಿಯ ತವರು ಅಣ್ಣಿಗೇರಿ ಎಂದು ಹೇಳಲಾಗುತ್ತದೆ. 10ನೆಯ ಶತಮಾನದ ಅವನ ‘ವಿಕ್ರಮಾರ್ಜುನ ವಿಜಯ’ದಲ್ಲಿ ಪಾನಗೋಷ್ಠಿಯ ವರ್ಣನೆ ಬರುತ್ತದೆ. ಪಂಪ ಜೈನ, ಜೈನಧರ್ಮ ಕುಡಿತವನ್ನು ಜೂಜು, ಬೇಟೆ, ಕಳವುಗಳ ಜೊತೆ ಸಪ್ತವ್ಯಸನಗಳಲ್ಲಿ ಎಣಿಸುತ್ತದೆ. ಈ ಪಟ್ಟಿಯಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ: ಅದು ಕೀಳು ಜನರ ದೋಷಗಳ ಪಟ್ಟಿಯಲ್ಲ. ಅರಸನೂ ಸೆಟ್ಟಿಯೂ ಇದೇ ವ್ಯಸನಗಳಲ್ಲಿ ಕೆಟ್ಟರೆಂದು ಪುರಾಣಕಥೆಗಳು ಹೇಳುತ್ತವೆ; ಧರ್ಮರಾಯನಂಥವನೇ ಪಗಡೆಯ ಮುಂದೆ ಸೋತ. 12ನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯ ಎಂಬ ವಚನಕಾರನಿದ್ದ. ಹೆಂಡ ಮಾರುವುದೇ ಅವನ ಕಾಯಕ. ಕೊಳ್ಳಲು ಬಂದವರಿಗೆ ಅದನ್ನು ಬಿಟ್ಟು ಶಿವಭಕ್ತಿಯ ಕಡೆ ತಿರುಗುವಂತೆ ಅವನು ಬುದ್ಧಿ ಹೇಳುತ್ತಿದ್ದನೆಂದು ಶರಣರ ಕಥೆಗಳು ಹೇಳುತ್ತವೆ. ಕುಡಿಯುವವನನ್ನು ದೂರ ಅಟ್ಟದೆ ಅವನು ಬರುವ ಜಾಗದಲ್ಲೇ ನಿಂತು ಮಾತಾಡಿದ ಈ ಮನುಷ್ಯನನ್ನು ಕುಡಿತದ ಚರಿತ್ರೆ ಬರೆಯುವವರು ನೆನೆಯಲೇಬೇಕು.

ಕುಡಿತದ ಜೊತೆಗಾರ ಚಟವಾದ ತಂಬಾಕು ಬಂದದ್ದು ಬಹಳ ತಡವಾಗಿ. ಪೋರ್ಚುಗೀಸರ ಮೂಲಕ ಗೋವೆಗೆ, ಅಲ್ಲಿಂದ ಬಿಜಾಪುರದ ಆದಿಲಶಾಹಿ ರಾಜ್ಯಕ್ಕೆ ಅದು ಹಬ್ಬಿತು. ಧಾರವಾಡ ಸೀಮೆಯೂ ಆಗ ಅದೇ ರಾಜ್ಯದಲ್ಲಿತ್ತು. ಅಕ್ಬರನ ದೂತ ಅಸದ್ ಬೇಗ್ ಬಿಜಾಪುರದಲ್ಲಿ ತಂಬಾಕನ್ನು ಕಂಡು, 1604ರ ಸುಮಾರಿಗೆ ಚಿಲುಮೆಯ ಸಮೇತ ಆಗ್ರಾಕ್ಕೆ ಒಯ್ದು ಬಾದಶಹನ ಮುಂದಿಟ್ಟ. ಮೊಘಲ್ ದರಬಾರಿಗೆ ಆ ಚಟ ಹೋದದ್ದು ಕನ್ನಡ ನಾಡಿನಿಂದಲೇ. 19ನೆಯ ಶತಮಾನಕ್ಕೆ ಬರುವಾಗ ಎಲೆ ಅಡಿಕೆಯ ಸಂಚಿಯಲ್ಲಿ ತಂಬಾಕಿಗೆ ಕಾಯಂ ಜಾಗ ಸಿಕ್ಕಿತ್ತು. ಕುಂದಗೋಳ ತಾಲ್ಲೂಕಿನ ಕಳಸದ ಗೋವಿಂದ ಭಟ್ಟರ ಶಿಷ್ಯ ಶಿಶುನಾಳ ಶರೀಫರು ತತ್ವ ಹೇಳುವುದಕ್ಕೆ ಗುಡುಗುಡಿಯನ್ನೇ ಹಾಡಿನ ವಸ್ತು ಮಾಡಿಕೊಳ್ಳುವಷ್ಟು ಅದು ಹಳ್ಳಿಯ ಕಟ್ಟೆಗೆ ಪರಿಚಿತವಾಗಿತ್ತು.

ಕುಡಿತದ ರೂಪವನ್ನು ಬುಡಮಟ್ಟ ಬದಲಿಸಿದ್ದು ಬ್ರಿಟಿಷ್ ಆಡಳಿತದ ಅಬಕಾರಿ ಕಾನೂನು. ಧಾರವಾಡ ಮುಂಬಯಿ ಪ್ರಾಂತ್ಯದ ಜಿಲ್ಲೆ. ನವಲಗುಂದ, ಕಲಘಟಗಿ ಅದರ ತಾಲ್ಲೂಕುಗಳು. ಕುಂದಗೋಳ ಮಾತ್ರ 1948ರವರೆಗೆ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. 1878ರ ಮುಂಬಯಿ ಅಬಕಾರಿ ಕಾಯ್ದೆಯ ನಂತರ ಪರವಾನಗಿ ಇಲ್ಲದೆ ಬಟ್ಟಿ ಇಳಿಸುವುದು, ಮಾರುವುದು ಅಪರಾಧವಾಯಿತು. ಶಿಂದಿ ಇಳಿಸುವ ಮರಕ್ಕೂ ತೆರಿಗೆ ಬಂತು. ಮಾರುವ ಹಕ್ಕು ಗುತ್ತಿಗೆದಾರರ ಪಾಲಾಯಿತು. ಕಡಿಮೆ ಕುಡಿತ, ಹೆಚ್ಚು ವರಮಾನ ಎಂಬುದು ಸರಕಾರ ಹೇಳಿಕೊಂಡ ನೀತಿ. ನಡೆದದ್ದು ಬೇರೆ. ಹಣ ಕಟ್ಟಿ ಗುತ್ತಿಗೆ ಹಿಡಿದವನಿಗೆ ಮಾರಾಟ ಹೆಚ್ಚಾಗದೆ ಹಣ ಹುಟ್ಟುತ್ತಿರಲಿಲ್ಲ. ಅದಕ್ಕೇ ಅಂಗಡಿ ಸಂತೆಯ ದಾರಿಯಲ್ಲಿ ಬಂದು ಕೂತಿತು. ವಾರದ ಕೂಲಿ ಕೈಗೆ ಬರುವುದು ಸಂತೆಯ ದಿನವೇ. ಕೈಯಲ್ಲಿ ದುಡ್ಡಿಲ್ಲದವನಿಗೆ ಉದ್ರಿ ಸಿಗುತ್ತಿತ್ತು. ಜಾತ್ರೆ, ಹಬ್ಬಕ್ಕೆಂದು ಮನೆಯಲ್ಲೇ ತಯಾರಾಗುತ್ತಿದ್ದ ಪೇಯದ ಜಾಗದಲ್ಲಿ ವರ್ಷವಿಡೀ ಸಿಗುವ ಸರಕು ಬಂದಿತು. ಕುಡಿತವನ್ನು ಜನರ ಗುಣದೋಷವೆಂದಷ್ಟೇ ನೋಡುವವರು ಈ ವ್ಯವಸ್ಥೆಯನ್ನು ಮರೆಯುತ್ತಾರೆ.

ಅದೇ ಕಾಲದ ಇನ್ನೊಂದು ಸಂಸ್ಥೆ ಧಾರವಾಡದ ಹುಚ್ಚಾಸ್ಪತ್ರೆ. ಇಂದಿನ ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ಡಿಮ್ಹಾನ್ಸ್, 1845ರಲ್ಲಿ ಆರಂಭವಾದ ಆ ಆಸ್ಪತ್ರೆಯಿಂದ ಬೆಳೆದದ್ದು. ಗಾಂಜಾ ಸೇದಿದರೆ ಹುಚ್ಚು ಹಿಡಿಯುತ್ತದೆ ಎಂಬುದು ಆಗಿನ ಅಧಿಕಾರಿಗಳ ಗಟ್ಟಿ ನಂಬಿಕೆ. ದೇಶದ ಹುಚ್ಚಾಸ್ಪತ್ರೆಗಳ ದಫ್ತರುಗಳಲ್ಲಿ ರೋಗಿಯ ಹೆಸರಿನ ಮುಂದೆ ಕಾರಣವಾಗಿ ಗಾಂಜಾ ಎಂದು ಬರೆಯುವುದು ರೂಢಿಯಾಗಿತ್ತು. 1893-94ರಲ್ಲಿ ಭಾರತೀಯ ಭಂಗಿ-ಗಾಂಜಾ ಆಯೋಗ ಈ ದಫ್ತರುಗಳನ್ನು ತೆರೆದು ಒಂದೊಂದೇ ಪ್ರಕರಣವನ್ನು ಹಿಂದಕ್ಕೆ ಹೋಗಿ ವಿಚಾರಿಸಿತು. ಅನೇಕ ಸಂದರ್ಭಗಳಲ್ಲಿ ಕಾರಣವನ್ನು ಬರೆದವರು ವೈದ್ಯರಲ್ಲ, ರೋಗಿಯನ್ನು ಹಿಡಿದು ತಂದ ಪೊಲೀಸರು. ನಮೂನೆಯಲ್ಲಿ ಒಂದು ಕಾಲಂ ಇತ್ತು, ಅದನ್ನು ತುಂಬಬೇಕಿತ್ತು. ವೈದ್ಯರು ಅದನ್ನೇ ನಕಲು ಮಾಡಿಕೊಂಡಿದ್ದರು. ದಫ್ತರಿನ ಬರಹವನ್ನು ನಂಬಲಾಗದು ಎಂದು ಆಯೋಗ ತೀರ್ಮಾನಿಸಿತು. ದಿಕ್ಕಿಲ್ಲದ ಬಡವನೊಬ್ಬ ಬುದ್ಧಿ ಕಳೆದುಕೊಂಡರೆ, ಅವನ ಹಸಿವು, ಜ್ವರ, ದುಃಖಗಳನ್ನು ಯಾರೂ ಕೇಳದೆ ಚಟದ ಮೇಲೆ ಹೊರಿಸಿ ಕೈತೊಳೆದುಕೊಳ್ಳುತ್ತಿದ್ದ ಕಾಲ ಅದು. ಆ ಅಭ್ಯಾಸ ಪೂರ್ತಿ ಹೋಗಿದೆ ಎನ್ನಲಾಗದು. ಇಂದಿಗೂ ಕುಡಿಯುವವನಿಗೆ ಏನೇ ಕಾಯಿಲೆ ಬಂದರೂ ‘ಕುಡದ ಕುಡದ ಹಿಂಗಾಗ್ಯಾನ’ ಎನ್ನುವಲ್ಲಿಗೆ ವಿಚಾರಣೆ ಮುಗಿಯುತ್ತದೆ. ಅವನು ಯಾವ ನೋವಿಗೆ ಕುಡಿಯತೊಡಗಿದ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ಅಸಹಕಾರ ಚಳವಳಿಯ ಹೊತ್ತಿಗೆ ಶೆರೆಯಂಗಡಿ ರಾಜಕೀಯದ ವಸ್ತುವಾಯಿತು. ಅಬಕಾರಿ ವರಮಾನ ಪರಕೀಯ ಸರಕಾರದ ಬೊಕ್ಕಸಕ್ಕೆ ಹೋಗುತ್ತದೆ, ಮನೆ ಮಾತ್ರ ನಮ್ಮವರದೇ ಹಾಳಾಗುತ್ತದೆ ಎಂಬ ಮಾತು ಹಳ್ಳಿಯವರಿಗೂ ತಟ್ಟನೆ ತಿಳಿಯುವಂಥದು. ಕಾಂಗ್ರೆಸ್ ಮತ್ತು ಖಿಲಾಫತ್ ಸ್ವಯಂಸೇವಕರು ಅಂಗಡಿಗಳ ಮುಂದೆ ನಿಂತು ಕೊಳ್ಳಲು ಬಂದವರನ್ನು ಕೈಮುಗಿದು ತಡೆಯತೊಡಗಿದರು. 1921ರ ಜುಲೈ 1ರಂದು ಧಾರವಾಡ ಪೇಟೆಯಲ್ಲಿ ಇಂಥ ಪಿಕೆಟಿಂಗ್ ನಡೆದಾಗ ಪೊಲೀಸರು ಗುಂಡು ಹಾರಿಸಿದರು. ಮೂವರು ಸತ್ತರು, ಮೂವರೂ ಮುಸ್ಲಿಮರು, ಖಿಲಾಫತ್ ಚಳವಳಿಯ ಕಾರ್ಯಕರ್ತರು. ಗಾಂಧೀಜಿ ಈ ಬಗ್ಗೆ ಬರೆದರು, ಕಾಂಗ್ರೆಸ್ಸು ಅಬ್ಬಾಸ್ ತಯ್ಯಬ್‌ಜಿ ಮೊದಲಾದವರಿಂದ ವಿಚಾರಣೆ ನಡೆಸಿತು. ಜಕಣಿ ಬಾವಿಯ ಬಳಿ ಆ ಹುತಾತ್ಮರ ಸ್ಮಾರಕವಿದೆ. ನೆರೆಹೊರೆಯವರ ಮನೆ ಉಳಿಯಲಿ ಎಂದು ಶೆರೆಯಂಗಡಿಯ ಮುಂದೆ ನಿಂತವರು ಪ್ರಾಣ ಕೊಟ್ಟ ಊರು ಇದು ಎಂಬುದು ಈ ಜಿಲ್ಲೆಯ ಹಳ್ಳಿಮಕ್ಕಳ ಪಾಠಪುಸ್ತಕದಲ್ಲಿ ಇನ್ನೂ ದೊಡ್ಡದಾಗಿ ಇರಬೇಕಾದ ಸಂಗತಿ.

1930ರ ಕಾನೂನುಭಂಗ ಚಳವಳಿಯಲ್ಲಿ ಈಚಲು ಮರಗಳನ್ನೇ ಕಡಿಯುವುದು ಸತ್ಯಾಗ್ರಹದ ಒಂದು ಬಗೆಯಾಯಿತು. ಮರ ಉರುಳಿದಾಗ ಶಿಂದಿ ಇಳಿಸಿ ಬದುಕುತ್ತಿದ್ದ ಮನೆತನಗಳ ಗತಿಯನ್ನು ಆ ಉತ್ಸಾಹದಲ್ಲಿ ಯೋಚಿಸಿದವರು ಕಡಿಮೆ. ಕುಡಿಯುವವನ ಒಳಗನ್ನು ನೋಡಿದ್ದು ಆ ದಶಕದಲ್ಲಿ ರಾಜಕೀಯಕ್ಕಿಂತ ಸಾಹಿತ್ಯವೇ. ಅತ್ತ ಮೈಸೂರು ಸೀಮೆಯಲ್ಲಿ ಜಿ.ಪಿ. ರಾಜರತ್ನಂ ಹೆಂಡಗುಡುಕ ರತ್ನನ ಬಾಯಲ್ಲಿ ಪದಗಳನ್ನು ಹಾಡಿಸಿ, ಬೀದಿಯವರು ನಕ್ಕು ದಾಟಿಹೋಗುವ ಮನುಷ್ಯನಿಗೂ ಹೆಂಡತಿಯ ಮೇಲೆ, ನಾಡುನುಡಿಯ ಮೇಲೆ ಪ್ರೀತಿಯಿದೆ ಎಂದು ತೋರಿಸಿದರು.

ಸ್ವಾತಂತ್ರ್ಯದ ನಂತರ ಮುಂಬಯಿ ಸರಕಾರ 1949ರಲ್ಲಿ ಪಾನನಿರೋಧ ಕಾಯ್ದೆ ತಂದಿತು. 1950ರ ಏಪ್ರಿಲ್‌ನಿಂದ ಇಡೀ ರಾಜ್ಯದಲ್ಲಿ, ಎಂದರೆ ಧಾರವಾಡ ಜಿಲ್ಲೆಯಲ್ಲೂ, ಕುಡಿಯುವುದು ಅಪರಾಧ. ಆರೋಗ್ಯದ ಕಾರಣಕ್ಕೆ ಪರ್ಮಿಟ್ ಪಡೆಯುವ ಅವಕಾಶ ಕಾನೂನಿನಲ್ಲಿತ್ತು. ಅರ್ಜಿ ಬರೆದು, ವೈದ್ಯರ ಪತ್ರ ತರಬಲ್ಲ ಪಟ್ಟಣಿಗನಿಗೆ ಅದು ದಕ್ಕುವಂಥದು, ಕೂಲಿಯವನಿಗಲ್ಲ. ಅವನಿಗೆ ಉಳಿದದ್ದು ಕಳ್ಳಭಟ್ಟಿ. ಬೆಲ್ಲ, ಜಾಲಿಯ ತೊಗಟೆ, ನವಸಾಗರ ಹಾಕಿ ಕೊಳೆಸಿ ಹಳ್ಳದ ಮರೆಯಲ್ಲಿ ರಾತ್ರಿ ಇಳಿಸಿದ ಆ ದ್ರವದ ಖಾರ ಎಷ್ಟೆಂದು ಇಳಿಸಿದವನಿಗೂ ತಿಳಿಯದು. ಕಾಡಿನ ಮರೆ ಇರುವಲ್ಲಿ ಇಳಿಸುವುದು ಸುಲಭ. ದಾಳಿಯ ಪೊಲೀಸರಿಗೆ ಮೊದಲು ಕಣ್ಣಿಗೆ ಬೀಳುವುದೂ ಕಾಡಂಚಿನ ಬಡ ಗುಡಿಸಲೇ. ಹಿಡಿದವನಿಗೆ ಜೈಲು, ದಂಡ. ಚಟ ಹಿಡಿದವನಿಗೆ ಚಿಕಿತ್ಸೆ ಎಂಬ ಮಾತು ಆಗ ಹಳ್ಳಿಯ ತನಕ ಬಂದಿರಲಿಲ್ಲ. ಆದರೂ ನಿಷೇಧದ ಕಾಲವನ್ನು ಪೂರಾ ವಿಫಲವೆಂದು ತಳ್ಳಿಹಾಕುವುದು ಸರಿಯಲ್ಲ. ಸಂತೆಯ ದಾರಿಯಲ್ಲಿ ಅಂಗಡಿ ಇಲ್ಲದಿದ್ದುದು ಚಟ ಇನ್ನೂ ಗಟ್ಟಿಯಾಗದ ಹುಡುಗನಿಗೆ ಎಷ್ಟೋ ರಕ್ಷಣೆ. ಈಗಾಗಲೇ ಸಿಕ್ಕಿಬಿದ್ದವನಿಗೆ ಮಾತ್ರ ಆ ಕಾನೂನಿನಲ್ಲಿ ಏನೂ ಇರಲಿಲ್ಲ.

1956ರಲ್ಲಿ ಧಾರವಾಡ ಮೈಸೂರು ರಾಜ್ಯಕ್ಕೆ ಸೇರಿತು. 1967ರಲ್ಲಿ ರಾಜ್ಯ ನಿಷೇಧವನ್ನು ಸಡಿಲಿಸಿ ಅಬಕಾರಿಗೆ ಮರಳಿತು. ಸಾರಾಯಿ ಹರಾಜು ಶುರುವಾಯಿತು. ಗುತ್ತಿಗೆದಾರರು ರಾಜಕೀಯದಲ್ಲೂ ಬಲಿಷ್ಠರಾದರು. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ವಿಷಮದ್ಯಕ್ಕೆ 300ಕ್ಕೂ ಹೆಚ್ಚು ಜನ ಬಲಿಯಾದರು. 1990ರ ದಶಕದಲ್ಲಿ ಸಾರಾಯಿ ಪ್ಲಾಸ್ಟಿಕ್ ಪಾಕೀಟಿನಲ್ಲಿ ಬಂತು. ಇದು ಚಿಕ್ಕ ಬದಲಾವಣೆಯಂತೆ ಕಂಡರೂ ಹಳ್ಳಿಯ ಮಟ್ಟಿಗೆ ದೊಡ್ಡದು: ಅಂಗಡಿಯ ಬೆಂಚಿನ ಮೇಲೆ ಕೂತು ಕುಡಿಯಬೇಕಿದ್ದ ಸಾರಾಯಿ ಅಂಗಿಯ ಕಿಸೆಗೆ ಇಳಿಯಿತು, ಹೊಲದ ಬದುವಿಗೆ ಹೋಯಿತು, ಬೆಳಗಿನ ಜಾವದ ನಡುಕ ನಿಲ್ಲಿಸಲು ತಲೆದಿಂಬಿನ ಕೆಳಗೆ ಬಂತು.

ಈ ನಡುವೆ ಊರವರು ತಮ್ಮದೇ ದಾರಿಗಳನ್ನು ಹುಡುಕಿಕೊಂಡಿದ್ದರು. ದೇವರ ಮುಂದೆ ಆಣೆ ಮಾಡಿಸುವುದು ಒಂದು. ಪಂಢರಪುರದ ವಿಠ್ಠಲನ ಹೆಸರಲ್ಲಿ ತುಳಸಿಮಾಲೆ ಹಾಕಿಸುವುದು ಇನ್ನೊಂದು. ಮಾಲೆ ಧರಿಸಿದವನು ಮಾಂಸ, ಮದ್ಯ ಬಿಡಬೇಕು, ಏಕಾದಶಿ ಮಾಡಬೇಕು, ಭಜನೆಗೆ ಹೋಗಬೇಕು, ದಿಂಡಿಯಲ್ಲಿ ನಡೆಯಬೇಕು. ‘ಮಾಲಿ ಹಾಕ್ಯಾನ’ ಎಂದರೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಕುಡಿತ ಬಿಟ್ಟಿದ್ದಾನೆ ಎಂದೇ ಅರ್ಥ. ಇದನ್ನು ಬರೀ ಭಕ್ತಿ ಎಂದು ನೋಡಿದರೆ ಅರ್ಧವಷ್ಟೇ ತಿಳಿಯುತ್ತದೆ. ಸಂಜೆಯ ಹೊತ್ತು, ಚಟ ಹೆಚ್ಚು ಎಳೆಯುವ ಹೊತ್ತು, ಕೂಡಲು ಬೇರೊಂದು ಗುಂಪು ಸಿಗುತ್ತದೆ. ಹಳೆಯ ಗೆಳೆಯರು ಒತ್ತಾಯಿಸಿದರೆ ಹೇಳಲು ಎಲ್ಲರೂ ಮನ್ನಿಸುವ ಕಾರಣವಿರುತ್ತದೆ. ಕುಡುಕನೆಂಬ ಹೆಸರು ಹೋಗಿ ‘ಮಹಾರಾಜ’ ಎಂಬ ಮರ್ಯಾದೆಯ ಹೆಸರು ಬರುತ್ತದೆ. 1935ರಲ್ಲಿ ಅಮೆರಿಕದ ಅಕ್ರನ್ ಊರಿನಲ್ಲಿ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಆಸರೆಯಾಗಿ ಆರಂಭಿಸಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟಗಳು ಕಂಡುಕೊಂಡದ್ದೂ ಬಹುಪಾಲು ಇದನ್ನೇ. ಆದರೆ ಮಾಲೆ ಮುರಿದವನಿಗೆ ಮರಳುವ ದಾರಿ ಕಠಿಣ. ಊರಿನ ಮುಂದೆ ಅವನು ಈಗ ಕುಡುಕ ಮಾತ್ರವಲ್ಲ, ಪಾಪಿ.

ಈ ಕೊರತೆಯನ್ನು ಅರಿತು ನಡೆದವರು ಇಳಕಲ್ಲಿನ ಚಿತ್ತರಗಿ ವಿಜಯಮಹಾಂತೇಶ ಸಂಸ್ಥಾನಮಠದ ಡಾ. ಮಹಾಂತ ಶಿವಯೋಗಿಗಳು (1930-2018). ಇಳಕಲ್ಲು ಇಂದಿನ ಬಾಗಲಕೋಟೆ ಜಿಲ್ಲೆಯ ಊರು. 1975ರಿಂದ ಅವರು ‘ಮಹಾಂತ ಜೋಳಿಗೆ’ ಹಿಡಿದು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ, ನೆರೆರಾಜ್ಯಗಳಲ್ಲಿ ತಿರುಗಿದರು. ಜಂಗಮರ ಜೋಳಿಗೆಗೆ ಜೋಳ, ಅಕ್ಕಿ, ದುಡ್ಡು ಬೀಳುವುದು ತಲೆತಲಾಂತರದ ವಾಡಿಕೆ. ಮಹಾಂತಪ್ಪಗಳು ಬೇಡಿದ್ದು ದುಶ್ಚಟಗಳನ್ನು. ಜನ ಬೀಡಿ ಕಟ್ಟು, ಗುಟಕಾ ಚೀಟಿ, ಸಾರಾಯಿ ಪಾಕೀಟು ತಂದು ಹಾಕಿ, ಇನ್ನು ಮುಟ್ಟುವುದಿಲ್ಲ ಎಂದು ಮಾತು ಕೊಟ್ಟರು. ಯಾರೂ ಬಾರದ ಕೇರಿಗಳಿಗೆ, ದಲಿತರ ಓಣಿಗಳಿಗೆ ಮಠದ ಸ್ವಾಮಿಗಳು ನಡೆದು ಹೋದದ್ದೇ ಅಲ್ಲಿನವರಿಗೆ ದೊಡ್ಡ ಸಂಗತಿಯಾಗಿತ್ತು. ಈ ವಿಧಾನದ ಹೆಚ್ಚುಗಾರಿಕೆ ಒಂದೇ: ಬೇಡುವವನು ಕೆಳಗೆ, ಕೊಡುವವನು ಮೇಲೆ. ಎಲ್ಲರಿಂದ ಬೈಸಿಕೊಂಡು ತಲೆ ತಗ್ಗಿಸಿದ್ದ ಮನುಷ್ಯ ಸ್ವಾಮಿಗಳಿಗೆ ಭಿಕ್ಷೆ ನೀಡುವ ದಾನಿಯಾಗುತ್ತಿದ್ದ. ಅವರ ಜನ್ಮದಿನವಾದ ಆಗಸ್ಟ್ 1ನ್ನು ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸಲಾಗುತ್ತದೆ.

ಧಾರವಾಡದ ಗೋಲಿಬಾರಿಗೆ ಸರಿಯಾಗಿ 86 ವರ್ಷ ತುಂಬಿದ ದಿನ, 2007ರ ಜುಲೈ 1ರಿಂದ, ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಆಗ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿ, ಬಿ.ಎಸ್. ಯಡಿಯೂರಪ್ಪ ಹಣಕಾಸು ಖಾತೆ ಹೊಂದಿದ್ದ ಉಪಮುಖ್ಯಮಂತ್ರಿ. ಪಾಕೀಟಿನ ಹಾವಳಿಗೆ ಬೇಸತ್ತ ಹೆಂಗಸರು ಅದನ್ನು ಸ್ವಾಗತಿಸಿದರು. ಆದರೆ ಮದ್ಯವೇನೂ ನಿಲ್ಲಲಿಲ್ಲ. ಅಗ್ಗದ ವಿಸ್ಕಿ, ರಮ್ಮು ಚಿಕ್ಕ ಪೊಟ್ಟಣಗಳಲ್ಲಿ ಅದೇ ಜಾಗಕ್ಕೆ ಬಂದವು. ಕುಡಿಯುವವನು ಅದೇ ಕೂಲಿಯಲ್ಲಿ ಹೆಚ್ಚು ಬೆಲೆ ತೆರಬೇಕಾಯಿತು, ಆ ಹೆಚ್ಚಿನ ಪಾಲು ಅಡುಗೆಮನೆಯಿಂದ ಹೋಯಿತು. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿ ಭಾಗದಲ್ಲಿ ಕಳ್ಳಮದ್ಯಕ್ಕೆ 150ಕ್ಕೂ ಹೆಚ್ಚು ಜನ ಸತ್ತರು. ಪರವಾನಗಿ ಇಲ್ಲದ ಊರುಗಳಲ್ಲಿ ಕಿರಾಣಿ ಅಂಗಡಿ, ಪಾನ್ ಅಂಗಡಿಗಳ ಹಿಂಬದಿಯ ಮಾರಾಟ ಹಳ್ಳಿಯ ಹೆಂಗಸರ ನಿತ್ಯದ ದೂರಾಯಿತು. 2019ರ ಜನವರಿಯಲ್ಲಿ ಮದ್ಯ ನಿಷೇಧ ಆಂದೋಲನದ ಸಾವಿರಾರು ಮಹಿಳೆಯರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಹೋದರು. ರಾಜ್ಯದ ಅಬಕಾರಿ ವರಮಾನ 2023-24ರಲ್ಲಿ 34 ಸಾವಿರ ಕೋಟಿ ರೂಪಾಯಿ ಮೀರಿತ್ತು.

ಆ ಹೆಂಗಸರ ಸಿಟ್ಟಿಗೆ ಕಾರಣವಿದೆ. ಕುಡಿಯುವವನ ಮೇಲೆ ಕರುಣೆ ಇರಲಿ ಎನ್ನುವಾಗ ಅವನ ಹೊಡೆತ ತಿನ್ನುವ ಹೆಂಡತಿ, ಶಾಲೆ ಬಿಟ್ಟು ಹತ್ತಿ ಬಿಡಿಸಲು ಹೋಗುವ ಮಗಳು ಕಣ್ಮರೆಯಾಗಬಾರದು. ಕರುಣೆ ಎಂದರೆ ತಪ್ಪನ್ನು ಮುಚ್ಚುವುದಲ್ಲ. ಅವನು ಬಯಸಿದರೂ ಬರೀ ಮನಸ್ಸಿನ ಗಟ್ಟಿತನದಿಂದ ಬಿಡಲಾರ ಎಂಬ ದೇಹದ ಸತ್ಯವನ್ನು ಒಪ್ಪುವುದು. ಈ ಸತ್ಯವನ್ನು ವೈದ್ಯಶಾಸ್ತ್ರ ಹಿಂದೆಯೇ ಗುರುತಿಸಿತ್ತು. 1804ರಲ್ಲಿ ಸ್ಕಾಟ್ಲೆಂಡಿನ ವೈದ್ಯ ಥಾಮಸ್ ಟ್ರಾಟರ್ ಕುಡಿತದ ಚಟವನ್ನು ಮನಸ್ಸಿನ ರೋಗವೆಂದು ಬರೆದ. ವರ್ಷಗಟ್ಟಲೆ ದಿನವೂ ಕುಡಿದ ದೇಹ ಆ ವಿಷಕ್ಕೆ ಹೊಂದಿಕೊಂಡಿರುತ್ತದೆ. ಥಟ್ಟನೆ ನಿಲ್ಲಿಸಿದರೆ ಮೊದಲ ದಿನವೇ ಕೈನಡುಕ, ಬೆವರು, ನಿದ್ದೆಗೇಡು. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡನೆಯ ಮೂರನೆಯ ದಿನ ಸನ್ನಿ ಹಿಡಿದು ಇಲ್ಲದ್ದು ಕಾಣಬಹುದು. ಚಿಕಿತ್ಸೆ ಸಿಗದಿದ್ದರೆ ಈ ಸನ್ನಿ ಸಾವಿಗೂ ಒಯ್ಯುತ್ತದೆ. ಹಳ್ಳಿಗಳಲ್ಲಿ ಇದನ್ನು ಗಾಳಿ ಸೋಂಕು ಎಂದು ತಿಳಿದು ಗುಡಿಗೆ ಕರೆದೊಯ್ಯುವುದುಂಟು. 2020ರ ಮಾರ್ಚ್ ಕೊನೆಯಿಂದ ಮೇ 4ರವರೆಗೆ ಲಾಕ್‌ಡೌನಿನಲ್ಲಿ ಅಂಗಡಿಗಳು ಮುಚ್ಚಿದಾಗ ಇದು ರಾಜ್ಯದುದ್ದಕ್ಕೂ ಕಣ್ಣಿಗೆ ಬಿತ್ತು. ಮದ್ಯ ಸಿಗದೆ ಕೆಲವರು ಪ್ರಾಣ ಕಳೆದುಕೊಂಡರು.

ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳು ಹಳ್ಳಿಗೆ ಚಿಕಿತ್ಸೆಯನ್ನು ತಂದ ಬಗೆಗಳಲ್ಲಿ ಮುಖ್ಯವಾದವು. 1990ರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಮೊದಲಾದ ಜನಜಾಗೃತಿ ಕೆಲಸ, ಯೋಜನೆ ಉತ್ತರಕ್ಕೆ ಹಬ್ಬಿದಂತೆ ಧಾರವಾಡ ಜಿಲ್ಲೆಯನ್ನೂ ತಲುಪಿತು. ಊರವರೇ ಸಮಿತಿ ಮಾಡಿಕೊಂಡು ಸಮುದಾಯ ಭವನ ಅಥವಾ ಕಲ್ಯಾಣ ಮಂಟಪ ಹಿಡಿಯುತ್ತಾರೆ. ಎಂಟು ದಿನ ಅಲ್ಲೇ ವಾಸ. ಔಷಧ, ಯೋಗ, ಭಜನೆ, ಆಪ್ತ ಸಮಾಲೋಚನೆ. ಮನೆಯವರನ್ನು ಕರೆಸುವ ದಿನವೊಂದಿರುತ್ತದೆ. ಎಷ್ಟೋ ವರ್ಷ ನೆಟ್ಟಗೆ ಮಾತಾಡದ ಗಂಡ ಹೆಂಡಿರು ಅಂದು ಎದುರುಬದುರು ಕೂರುತ್ತಾರೆ, ಗಂಡಸರು ಎಲ್ಲರ ಮುಂದೆ ಅಳುತ್ತಾರೆ, ಅದನ್ನು ಯಾರೂ ಹಗುರವಾಗಿ ಕಾಣುವುದಿಲ್ಲ. ಶಿಬಿರ ಮುಗಿಸಿದವರಿಗೆ ನವಜೀವನ ಸಮಿತಿಯ ಸಭೆಗಳಿರುತ್ತವೆ. ಎಂಟು ದಿನದಲ್ಲಿ ಚಟ ಬಿಡುತ್ತದೆ ಎಂದು ವೈದ್ಯರಾರೂ ಹೇಳುವುದಿಲ್ಲ. ದೇಹ ಶುದ್ಧವಾಗುತ್ತದೆ ಅಷ್ಟೇ. ಸಭೆಗೆ ತಪ್ಪದೆ ಬರುವವರು ಉಳಿಯುತ್ತಾರೆ, ತಪ್ಪಿದವರು ಜಾರುವುದು ಹೆಚ್ಚು.

ಇದರ ಜೊತೆಗೆ ‘ಕುಡಿತ ಬಿಡಿಸುವ’ ಗುಟ್ಟಿನ ಪುಡಿಗಳ ವ್ಯಾಪಾರವೂ ಬೆಳೆಯಿತು. ಸಾರಿನಲ್ಲಿ ಬೆರೆಸಿ ಕೊಡಿ, ಅವನಿಗೆ ತಿಳಿಯದ ಹಾಗೆ ಎಂದು ಮಾರುವವರು ಹೇಳುತ್ತಾರೆ. ವೈದ್ಯರು ಕೊಡುವ ಮದ್ದುಗಳಲ್ಲಿ 1948ರಲ್ಲಿ ಡೆನ್ಮಾರ್ಕಿನಲ್ಲಿ ಕಂಡುಕೊಂಡ ಡೈಸಲ್ಫಿರಾಮ್ ಎಂಬ ಮಾತ್ರೆಯಿದೆ. ಅದನ್ನು ತೆಗೆದುಕೊಂಡು ಕುಡಿದರೆ ವಾಂತಿ, ಎದೆಬಡಿತ, ರಕ್ತದೊತ್ತಡದ ಕುಸಿತ ಉಂಟಾಗುತ್ತದೆ. ರೋಗಿಯ ಒಪ್ಪಿಗೆ ಮತ್ತು ವೈದ್ಯರ ನಿಗಾ ಇದ್ದಾಗ ಅದು ಊರುಗೋಲು. ಅಂಥದನ್ನು ಅವನಿಗೆ ತಿಳಿಯದ ಹಾಗೆ ಬೆರೆಸಿ ಕೊಟ್ಟರೆ ಜೀವಕ್ಕೇ ಅಪಾಯ, ಮನೆಯವರ ಮೇಲಿನ ನಂಬಿಕೆಗೂ.

ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದ್ಯಾವಲಂಬಿಗಳಾದ 38 ಜನರಲ್ಲಿ ಒಬ್ಬರಿಗಷ್ಟೇ ಯಾವುದಾದರೊಂದು ಚಿಕಿತ್ಸೆ ಸಿಕ್ಕಿದೆ. ನವಲಗುಂದದ ಎರೆಹೊಲದಿಂದಲೋ ಕಲಘಟಗಿಯ ತಾಂಡಾದಿಂದಲೋ ಧಾರವಾಡದ ಡಿಮ್ಹಾನ್ಸ್‌ಗೆ ಬರಲು ಒಂದು ದಿನದ ಕೂಲಿ ಬಿಡಬೇಕು, ಜೊತೆಗೆ ಒಬ್ಬರು ಬರಬೇಕು, ಹುಚ್ಚರ ಆಸ್ಪತ್ರೆಗೆ ಹೋದ ಎಂಬ ಮಾತನ್ನೂ ತಾಳಬೇಕು. ಆ ದೂರ ಕಡಿಮೆ ಮಾಡಲೆಂದು ರಾಜ್ಯ ಸರಕಾರ ಮನೋಚೈತನ್ಯ ಕಾರ್ಯಕ್ರಮ ತಂದಿದೆ. ಅದರಡಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೇ ಹೋಗಿ ರೋಗಿಗಳನ್ನು ನೋಡುತ್ತಾರೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು; ಕುಡಿಯುವವರೇ ಕರೆ ಮಾಡಬೇಕೆಂದಿಲ್ಲ, ಮನೆಯವರೂ ಮಾಡಬಹುದು.